ಪೆಟ್ಟಿಗೆ ತುಂಬುವ ಯಂತ್ರ: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

(ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಹೊತ್ತಿನ ವಿಷಯವನ್ನು ಕೇಳಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಸೋಪನ್ನೋ, ಔಷಧಿಯ ಬಾಟಲನ್ನೋ, ಊದುಬತ್ತಿಯ ಕಟ್ಟನ್ನೋ ರಟ್ಟಿನ ಪೆಟ್ಟಿಗೆಯೊಳಗೆ ತುಂಬಿ ಮುಚ್ಚುವ ಯಂತ್ರವನ್ನು ಹೇಗೆ ಆರಿಸಬೇಕು ಎಂಬುದು ಇಂಜಿನಿಯರುಗಳ ಮಾತಲ್ಲವೇ, ಅದಕ್ಕೆ ಸಾರ್ವಜನಿಕ ಸಭೆ ಏಕೆ ಎಂದು ಕೇಳಬಹುದು. ಆದರೆ ಯೋಚಿಸಿ ನೋಡಿ. ಆ ಯಂತ್ರ ಬಂದ ದಿನ ಯಾರ ಕೈಯ ಕೆಲಸ ಬದಲಾಗುತ್ತದೆ? ಬಂಧುಗಳೇ, ನಿಮ್ಮದು. ಅದು ಸರಿಯಾಗಿ ಮುಚ್ಚದ ಪೆಟ್ಟಿಗೆ ಯಾರ ಅಂಗಡಿಯ ಹಲಗೆಯ ಮೇಲೆ ಬಾಯಿ ಬಿಡುತ್ತದೆ? ವರ್ತಕ ಮಿತ್ರರೇ, ನಿಮ್ಮದು. ಯಂತ್ರದ ಸಾಲವನ್ನು ತೀರಿಸುವವನು ಕಾರ್ಖಾನೆಯವನು. ಹೀಗೆ ಮೂವರಿಗೂ ಸಂಬಂಧಿಸಿದ ಮಾತನ್ನು ಒಬ್ಬ ಮಾರಾಟಗಾರನ ಬಣ್ಣದ ಪುಸ್ತಿಕೆಗೆ ಬಿಟ್ಟುಕೊಡುವುದು ಬುದ್ಧಿವಂತಿಕೆಯಲ್ಲ.

ನಾನು ಇಂಜಿನಿಯರನಲ್ಲ. ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನು. ಆದಕಾರಣ ಈ ವಿಷಯವನ್ನೂ ಲೆಕ್ಕದ ರೀತಿಯಲ್ಲಿಯೇ ನಿಮ್ಮ ಮುಂದೆ ಇಡುತ್ತೇನೆ. ಗುಣಾಕಾರ ಭಾಗಾಕಾರ ಬಲ್ಲವರೆಲ್ಲರಿಗೂ ಇದು ಅರ್ಥವಾಗತಕ್ಕದ್ದು.

ಮೊದಲು ಪೆಟ್ಟಿಗೆಯ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಮಡಿಸಿ ಚಪ್ಪಟೆಯಾಗಿ ಇಡಬಹುದಾದ ರಟ್ಟಿನ ಪೆಟ್ಟಿಗೆ ಹೇರಳವಾಗಿ ತಯಾರಾಗತೊಡಗಿದ್ದು ಅಮೆರಿಕದ ಬ್ರೂಕ್ಲಿನ್‌ನಲ್ಲಿ. ಅಲ್ಲಿ ಕಾಗದದ ಚೀಲ ಮಾಡುತ್ತಿದ್ದ ರಾಬರ್ಟ್ ಗೇರ್ ಎಂಬ ಮುದ್ರಕನ ಕಾರ್ಖಾನೆಯಲ್ಲಿ 1879ರಲ್ಲಿ, ಚೀಲದ ಮೇಲೆ ಗೆರೆ ಒತ್ತಬೇಕಾಗಿದ್ದ ಲೋಹದ ಪಟ್ಟಿ ಜರುಗಿ ಕಾಗದವನ್ನೇ ಕತ್ತರಿಸಿಬಿಟ್ಟಿತು. ಕೆಟ್ಟುಹೋದ ಸರಕನ್ನು ನೋಡಿದ ಗೇರ್, ಒಂದೇ ಏಟಿಗೆ ಕತ್ತರಿಸುವುದನ್ನೂ ಮಡಿಕೆಯ ಗೆರೆ ಹಾಕುವುದನ್ನೂ ಒಟ್ಟಿಗೆ ಮಾಡಬಹುದಲ್ಲ ಎಂದು ಕಂಡುಕೊಂಡ. 1898ರಲ್ಲಿ ಸ್ಥಾಪನೆಯಾದ ಅಲ್ಲಿನ ನ್ಯಾಷನಲ್ ಬಿಸ್ಕತ್ ಕಂಪೆನಿ ತನ್ನ ಯುನೀಡಾ ಬಿಸ್ಕತ್ತನ್ನು ಒಳಗೆ ಮೇಣದ ಕಾಗದ ಹಾಕಿದ ಇಂಥ ಪೆಟ್ಟಿಗೆಯಲ್ಲಿ ಮಾರಿತು. ಅದುವರೆಗೆ ಬಿಸ್ಕತ್ತು ಪೀಪಾಯಿಯಲ್ಲಿ ಬಂದು ಅಂಗಡಿಯವನ ತಕ್ಕಡಿಯಲ್ಲಿ ತೂಗಿ ಹೋಗುತ್ತಿತ್ತು. ಪೆಟ್ಟಿಗೆ ಬಂದಮೇಲೆ ತೂಕ ಮಾಡುವ ಕೆಲಸ ಅಂಗಡಿಯಿಂದ ಕಾರ್ಖಾನೆಗೆ ಹೋಯಿತು. ನಮ್ಮಲ್ಲಿಯೂ 1918ರಿಂದ ಬಂದ ಮೈಸೂರು ಸ್ಯಾಂಡಲ್ ಸೋಪನ್ನು ಜನ ಗುರುತಿಸಿದ್ದು ಪರಿಮಳದಿಂದ ಎಷ್ಟೋ ಅಷ್ಟೇ ಅದರ ಪೆಟ್ಟಿಗೆಯಿಂದ. ಪೆಟ್ಟಿಗೆಯೆಂದರೆ ಬರಿಯ ಹೊದಿಕೆಯಲ್ಲ. ತಯಾರಿಸಿದವನು ಕೊಳ್ಳುವವನಿಗೆ ಕೊಟ್ಟ ಮಾತು. ತಯಾರಕನ ಹೆಸರು, ನಿವ್ವಳ ತೂಕ, ಗರಿಷ್ಠ ಮಾರಾಟದ ಬೆಲೆ ಮೊದಲಾದವು ಪೊಟ್ಟಣದ ಮೇಲೆ ಇರಲೇಬೇಕೆಂದು 2011ರ ಪೊಟ್ಟಣದ ಸರಕುಗಳ ನಿಯಮಗಳೇ ಹೇಳುತ್ತವೆ.

ಇನ್ನು ಯಂತ್ರಕ್ಕೆ ಬರೋಣ. ಈ ಯಂತ್ರ ಮಾಡುವುದು ನಮ್ಮ ಹೆಣ್ಣುಮಕ್ಕಳು ಕೈಯಲ್ಲಿ ಮಾಡುತ್ತಿರುವ ಕೆಲಸವನ್ನೇ. ಮುದ್ರಣಾಲಯದಿಂದ ಪಕ್ಕದ ಅಂಟು ಹಾಕಿ ಚಪ್ಪಟೆಯಾಗಿ ಬಂದ ಪೆಟ್ಟಿಗೆಗಳನ್ನು ಯಂತ್ರದ ಒಂದು ಗೂಡಿನಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಗಾಳಿ ಎಳೆಯುವ ರಬ್ಬರಿನ ಬಟ್ಟಲುಗಳು ಒಂದೊಂದೇ ಪೆಟ್ಟಿಗೆಯನ್ನು ಹಿಡಿದೆಳೆದು ಬಿಡಿಸುತ್ತವೆ. ಬಿಡಿಸಿದ ಪೆಟ್ಟಿಗೆ ಸರಪಳಿಯ ಹಲ್ಲುಗಳ ನಡುವೆ ಕುಳಿತು ಮುಂದೆ ಸಾಗುತ್ತದೆ. ಒಂದು ತಳ್ಳುಗೋಲು ಸರಕನ್ನು ಒಳಗೆ ನೂಕುತ್ತದೆ. ಪಕ್ಕದ ಕಿವಿಗಳು ಮಡಿಯುತ್ತವೆ, ಮುಚ್ಚಳ ಒಳಸೇರುತ್ತದೆ ಇಲ್ಲವೆ ಅಂಟುತ್ತದೆ, ತಾರೀಕು ಮತ್ತು ತಂಡದ ಸಂಖ್ಯೆ ಬೀಳುತ್ತದೆ, ಪೆಟ್ಟಿಗೆ ಹೊರಬರುತ್ತದೆ. ಇಷ್ಟೇ.

ಇದರಲ್ಲಿ ಬಗೆಗಳುಂಟು. ಪೆಟ್ಟಿಗೆಯನ್ನು ಮಲಗಿಸಿ ಪಕ್ಕದಿಂದ ತುಂಬುವುದು ಒಂದು. ಸೋಪು, ಟ್ಯೂಬು, ಮಾತ್ರೆಯ ಪಟ್ಟಿ ಇವಕ್ಕೆ ಅದು ಒಗ್ಗುತ್ತದೆ. ಪೆಟ್ಟಿಗೆಯನ್ನು ನಿಲ್ಲಿಸಿ ಮೇಲಿನಿಂದ ಇಳಿಬಿಡುವುದು ಇನ್ನೊಂದು. ನೆಟ್ಟಗೆ ನಿಲ್ಲಬೇಕಾದ ಬಾಟಲಿಗೂ ಪುಡಿಯ ಚೀಲಕ್ಕೂ ಅದು ಅನುಕೂಲ. ನಡಿಗೆಯಲ್ಲಿಯೂ ಎರಡು ಬಗೆ. ಹೆಜ್ಜೆಗೊಮ್ಮೆ ನಿಂತು ನಿಂತು ನಡೆಯುವ ಯಂತ್ರ ಸಾಮಾನ್ಯವಾಗಿ ನಿಮಿಷಕ್ಕೆ ನೂರರ ಆಸುಪಾಸಿನವರೆಗೆ ತುಂಬುತ್ತದೆ. ನಿಲ್ಲದೆ ಹರಿಯುವ ಯಂತ್ರ ಅದಕ್ಕಿಂತ ಬಹಳ ಹೆಚ್ಚು ತುಂಬುತ್ತದೆ, ಬೆಲೆಯೂ ಹಾಗೆಯೇ ಏರುತ್ತದೆ. ಇವೆರಡಕ್ಕೂ ಕೆಳಗೆ ಅರೆಯಂತ್ರವೆಂಬುದೊಂದಿದೆ. ಅದು ಪೆಟ್ಟಿಗೆ ಬಿಡಿಸುತ್ತದೆ, ಮುಚ್ಚುತ್ತದೆ. ಸರಕನ್ನು ಮಾತ್ರ ಮನುಷ್ಯನ ಕೈ ಇಡಬೇಕು.

ಈಗ ಒಂದು ಕಾರ್ಖಾನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಲೆಕ್ಕಕ್ಕಾಗಿ ಕಟ್ಟಿಕೊಂಡ ಕಾರ್ಖಾನೆ, ಇಂಥ ಊರಿನದೆಂದು ಯಾರೂ ಬೆರಳು ತೋರಿಸಬೇಕಾಗಿಲ್ಲ. ಅಲ್ಲಿ 75 ಗ್ರಾಮಿನ ಸೋಪು ತಯಾರಾಗುತ್ತದೆ. ಅಚ್ಚೊತ್ತುವ ಯಂತ್ರ ನಿಮಿಷಕ್ಕೆ 50 ಸೋಪು ಕೊಡಬಲ್ಲದು. ಪಾಳಿ 8 ಗಂಟೆ, ಊಟಕ್ಕೆ ಅರ್ಧ ಗಂಟೆ ಕಳೆದರೆ 450 ನಿಮಿಷ. ಪೆಟ್ಟಿಗೆ ತುಂಬುವವರು 9 ಮಂದಿ ಹೆಂಗಸರು. ಪೆಟ್ಟಿಗೆ ಬಿಡಿಸಿ, ಸೋಪು ಇಟ್ಟು, ಎರಡು ಕಡೆ ಮುಚ್ಚಲು ಒಬ್ಬಾಕೆಗೆ 12 ಸೆಕೆಂಡು ಹಿಡಿಯುತ್ತದೆ. ಅಂದರೆ ನಿಮಿಷಕ್ಕೆ 5, ದಿನಕ್ಕೆ 2,250. ಒಂಬತ್ತು ಜನರಿಂದ 20,250. ಅಚ್ಚಿನ ಯಂತ್ರ ದಿನಕ್ಕೆ 22,500 ಕೊಡಬಲ್ಲದು. ತುಂಬುವ ಕೈ ಹಿಂದೆ ಬೀಳುತ್ತಿದೆ, ಸೋಪು ತಟ್ಟೆಗಳಲ್ಲಿ ಉಳಿಯುತ್ತಿದೆ. ಯಜಮಾನನಿಗೆ ಯಂತ್ರದ ಯೋಚನೆ ಬರುವುದು ಇಲ್ಲಿಯೇ. ಬಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಯಾವ ಯಂತ್ರ ಎಂಬುದೇ ಪ್ರಶ್ನೆ.

ಮೂವರು ಮಾರಾಟಗಾರರು ಬರುತ್ತಾರೆನ್ನಿ. ಒಬ್ಬನದು ನಿಮಿಷಕ್ಕೆ 120 ತುಂಬುವ ನಿಲ್ಲದ ಯಂತ್ರ. ಇನ್ನೊಬ್ಬನದು 80 ತುಂಬುವ, ನಿಂತು ನಡೆಯುವ ಯಂತ್ರ. ಮೂರನೆಯವನದು 40 ತುಂಬುವ ಅರೆಯಂತ್ರ.

ಮೊದಲ ಪಾಠ ಇದು: ಪುಸ್ತಿಕೆಯಲ್ಲಿ ಅಚ್ಚಾದ ವೇಗ ನಿಮ್ಮ ಮನೆಯ ವೇಗವಲ್ಲ. ಯಂತ್ರ ಎಂದೂ ಪಾಳಿಯುದ್ದಕ್ಕೂ ಓಡುವುದಿಲ್ಲ. ಪೆಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಕರೆಂಟು ಹೋಗುತ್ತದೆ, ಗೂಡು ತುಂಬಬೇಕಾಗುತ್ತದೆ. ನೂರು ನಿಮಿಷದಲ್ಲಿ 85 ನಿಮಿಷ ಓಡಿತೆಂದು ಇಟ್ಟುಕೊಳ್ಳೋಣ. ಓಡುವಾಗಲೂ ಪೂರ್ಣ ವೇಗದಲ್ಲಿ ಓಡುವುದಿಲ್ಲ. ನೂರಕ್ಕೆ 90ರ ವೇಗವೆನ್ನೋಣ. ಹೊರಬಂದದ್ದರಲ್ಲಿ ಎಲ್ಲವೂ ಚೆನ್ನಾಗಿರುವುದಿಲ್ಲ; ನೂರಕ್ಕೆ 97 ಒಳ್ಳೆಯದೆನ್ನೋಣ. ಈ ಮೂರನ್ನೂ ಗುಣಿಸಿದರೆ ನೂರಕ್ಕೆ 74 ಉಳಿಯುತ್ತದೆ. ಅಂದಮೇಲೆ 80ರ ಯಂತ್ರ ನಿಜವಾಗಿ ಕೊಡುವುದು ಸುಮಾರು 59. 450 ನಿಮಿಷಕ್ಕೆ 26,714 ಪೆಟ್ಟಿಗೆ. ಕಾರ್ಖಾನೆಗಳವರು ಈ ಲೆಕ್ಕಕ್ಕೆ ದೊಡ್ಡ ಹೆಸರನ್ನೇ ಇಟ್ಟಿದ್ದಾರೆ. ಆದರೆ ಮೂರು ಸಂಖ್ಯೆಗಳ ಗುಣಾಕಾರಕ್ಕಿಂತ ಹೆಚ್ಚಿನದೇನೂ ಅದರಲ್ಲಿಲ್ಲ.

ಎರಡನೆಯ ಪಾಠ: ಇಡೀ ಸಾಲಿನಲ್ಲಿ ಅತಿ ನಿಧಾನದ ಯಂತ್ರ ಯಾವುದೋ ಅದರ ವೇಗವೇ ಸಾಲಿನ ವೇಗ. ನಮ್ಮ ಅಚ್ಚಿನ ಯಂತ್ರ ಕೊಡುವುದು 50. ಪೆಟ್ಟಿಗೆಯ ಯಂತ್ರ ಅದಕ್ಕಿಂತ ಸ್ವಲ್ಪ ಮುಂದಿರಬೇಕು, ನಿಂತು ಹೊರಟಾಗ ಉಳಿದ ಸೋಪನ್ನು ತೀರಿಸಿಕೊಳ್ಳಲು. 59 ಸಿಕ್ಕರೆ ಸರಿಯಾಯಿತು. ಆದರೆ 120ರ ಯಂತ್ರ ತಂದರೆ ಅದೇ ಲೆಕ್ಕದಲ್ಲಿ 89 ತುಂಬಬಲ್ಲದು. ಸಿಗುವ ಸೋಪು 50. ಹೆಚ್ಚುಕಡಿಮೆ ಅರ್ಧದಷ್ಟು ಶಕ್ತಿ ದಿನವೂ ಸುಮ್ಮನೆ ಕುಳಿತಿರುತ್ತದೆ, ಸಾಲದ ಬಡ್ಡಿ ಮಾತ್ರ ಕುಳಿತಿರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇದಕ್ಕೇ. ಮುಂದೆ ವ್ಯಾಪಾರ ಬೆಳೆದೀತು ಎಂಬ ಆಸೆಗೆ ಇಂದೇ ಬಡ್ಡಿ ಕಟ್ಟತೊಡಗಿದರೆ ವ್ಯಾಪಾರ ಬೆಳೆಯುವ ಮೊದಲೇ ಕಾರ್ಖಾನೆ ಸೊರಗುತ್ತದೆ. ಮೊದಲನೆಯ ಮಾರಾಟಗಾರನಿಗೆ ಕಾಫಿ ಕೊಟ್ಟು ಕಳಿಸಬಹುದು.

ಉಳಿದವರು ಇಬ್ಬರು. 40ರ ಅರೆಯಂತ್ರ ಒಂದೇ ಸಾಲದು. ಅದೇ ಲೆಕ್ಕಕ್ಕೆ ದಿನಕ್ಕೆ 13,357 ಮಾತ್ರ. ಎರಡನ್ನು ತಂದರೆ ಸರಿಯಾಗಿ 80ರ ಒಂದು ಯಂತ್ರಕ್ಕೆ ಸಮ. ಆದಕಾರಣ ನಿಜವಾದ ಆಯ್ಕೆ ಹೀಗೆ ನಿಲ್ಲುತ್ತದೆ: ಪೂರ್ಣಯಂತ್ರ ಒಂದೋ, ಅರೆಯಂತ್ರ ಎರಡೋ?

ಪೂರ್ಣಯಂತ್ರವನ್ನು ಬೇಡುವವರು ಹೇಳುವ ವಾದ ಕೂಲಿಯ ಉಳಿತಾಯ. ಅದನ್ನು ಅಲ್ಲಗಳೆಯದೆ ಲೆಕ್ಕ ಹಾಕೋಣ. ಪೂರ್ಣಯಂತ್ರಕ್ಕೆ ಒಬ್ಬ ನಡೆಸುವವ, ಒಬ್ಬ ಸಹಾಯಕ, ಒಟ್ಟು 2 ಜನ. ಎರಡು ಅರೆಯಂತ್ರಕ್ಕೆ ಸೋಪು ಇಡುವವರು 4, ಗೂಡು ತುಂಬುವವರು 1, ನೋಡಿ ತೆಗೆಯುವವರು 1, ಒಟ್ಟು 6. ವ್ಯತ್ಯಾಸ 4 ಜನ. ಉದಾಹರಣೆಗೆ ತಲಾ ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 7,20,000. ಪೂರ್ಣಯಂತ್ರದ ಬೆಲೆ ಎರಡು ಅರೆಯಂತ್ರಗಳಿಗಿಂತ 12 ಲಕ್ಷ ಹೆಚ್ಚು ಎಂದಿಟ್ಟುಕೊಳ್ಳಿ. ಒಂದು ವರ್ಷ ಎಂಟು ತಿಂಗಳಿಗೆ ಹಣ ವಾಪಸು ಎಂದು ಮಾರಾಟಗಾರ ಬರೆದು ತೋರಿಸುತ್ತಾನೆ. ಅವನು ಬರೆಯದೆ ಬಿಟ್ಟದ್ದನ್ನು ನಾವು ಬರೆಯಬೇಕು. ಆ ಯಂತ್ರಕ್ಕೆ ವಿದ್ಯುನ್ಮಾನ ಬಲ್ಲ ಮೆಕ್ಯಾನಿಕ್ ಒಬ್ಬ ಬೇಕು. ತಿಂಗಳಿಗೆ 25,000ದಂತೆ ವರ್ಷಕ್ಕೆ 3,00,000. ಹೆಚ್ಚಿನ ಬಿಡಿಭಾಗ, ಗಾಳಿಯೊತ್ತುವ ಕಂಪ್ರೆಸರಿನ ಕರೆಂಟು ಸೇರಿ 1,20,000. ಉಳಿದದ್ದು 3,00,000. ಈಗ 12 ಲಕ್ಷ ವಾಪಸು ಬರಲು 4 ವರ್ಷ, ಬಡ್ಡಿಯನ್ನು ಇನ್ನೂ ಹಿಡಿದಿಲ್ಲ. ಈ ರೂಪಾಯಿಗಳೆಲ್ಲ ಉದಾಹರಣೆಯ ಅಂಕಿಗಳು; ನಿಮ್ಮ ನಿಮ್ಮ ಕಾರ್ಖಾನೆಯ ನಿಜವಾದ ಅಂಕಿಗಳನ್ನು ಅದೇ ಜಾಗದಲ್ಲಿ ಇಟ್ಟು ನೋಡಿ. ರೀತಿ ಮುಖ್ಯ.

ಮುಂದಿನದು ಅಳತೆ ಬದಲಿಸುವ ಪ್ರಶ್ನೆ. ನಮ್ಮ ಕಾರ್ಖಾನೆ 75 ಗ್ರಾಮಿನದರ ಜೊತೆಗೆ 125 ಗ್ರಾಮಿನ ಸೋಪನ್ನೂ ಮಾಡುತ್ತದೆ. ಒಂದು ಅಳತೆಯಿಂದ ಇನ್ನೊಂದಕ್ಕೆ ಯಂತ್ರವನ್ನು ತಿರುಗಿಸಲು ಕೆಲವು ಭಾಗಗಳನ್ನು ಕಳಚಿ ಬೇರೆ ಹಾಕಬೇಕು, ಕೈಚಕ್ರಗಳನ್ನು ತಿರುಗಿಸಿ ಹೊಂದಿಸಬೇಕು. ಅದಕ್ಕೆ 45 ನಿಮಿಷ ಹಿಡಿದು ದಿನಕ್ಕೆ ಎರಡು ಸಲ ಬದಲಿಸಿದರೆ 90 ನಿಮಿಷ ಹೋಯಿತು. 450ರಲ್ಲಿ ಐದನೆಯ ಒಂದು ಭಾಗ! ಎರಡು ಅರೆಯಂತ್ರಗಳಿದ್ದರೆ ಎರಡು ಅಳತೆಯೂ ಬೇಕಾದ ದಿನ ಒಂದೊಂದನ್ನು ಒಂದೊಂದಕ್ಕೆ ಬಿಡಬಹುದು. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತದೆ. ಒಂದೇ ಯಂತ್ರವಿದ್ದಲ್ಲಿ ಅದು ಕೆಟ್ಟ ದಿನ ಅಚ್ಚಿನವರೂ ಕೈ ಕಟ್ಟಿ ಕೂರಬೇಕು, ಲಾರಿಯೂ ನಿಲ್ಲಬೇಕು, ಅಂಗಡಿಯವರೂ ಕಾಯಬೇಕು.

ಹಾಗೆಂದು ಅರೆಯಂತ್ರವೇ ಎಲ್ಲರಿಗೂ ಸರಿ ಎಂದು ನಾನು ಸಾರುವುದಿಲ್ಲ. ಒಂದೇ ಅಳತೆ, ವರ್ಷವಿಡೀ ಒಂದೇ ಸರಕು, ಮೂರು ಪಾಳಿ ನಡೆಯುವ ಕಾರ್ಖಾನೆಯಿದ್ದರೆ ಪೂರ್ಣಯಂತ್ರ ತನ್ನ ಖರ್ಚನ್ನು ತಾನೇ ತೀರಿಸುತ್ತದೆ. ಔಷಧಿಯ ಪೆಟ್ಟಿಗೆಯಲ್ಲಿ ಮಾತ್ರೆಯ ಪಟ್ಟಿಯೂ ವಿವರಣೆಯ ಚೀಟಿಯೂ ತಪ್ಪದೆ ಇರಬೇಕು. ಪ್ರತಿ ಪೆಟ್ಟಿಗೆಯನ್ನೂ ಯಂತ್ರವೇ ಪರೀಕ್ಷಿಸಿ ಚೀಟಿಯಿಲ್ಲದ್ದನ್ನು ಹೊರಗೆ ತಳ್ಳುವುದು ಅಲ್ಲಿ ರೋಗಿಯ ಕ್ಷೇಮದ ಮಾತು. ಊದುಬತ್ತಿಯ ಕಡ್ಡಿಯೋ ಮುರಿಯುವ ಸರಕು. ತಳ್ಳುಗೋಲಿನ ಏಟು ಅದಕ್ಕೆ ತಾಗದಂತೆ ತೊಟ್ಟಿಯಲ್ಲಿಟ್ಟು ಸಾಗಿಸಬೇಕು. ಸರಕು ಯಾವುದೋ ಯಂತ್ರವೂ ಅದಕ್ಕೆ ತಕ್ಕದ್ದು.

ಮುಚ್ಚುವ ರೀತಿಯನ್ನೂ ಇಲ್ಲಿಯೇ ತೀರ್ಮಾನಿಸಬೇಕು. ಮುಚ್ಚಳವನ್ನು ಒಳಸೇರಿಸಿ ಮುಚ್ಚಿದರೆ ಅಂಟು ಬೇಡ, ಬೆಂಕಿ ಬೇಡ, ಗಿರಾಕಿ ತೆಗೆದು ನೋಡಿ ಮತ್ತೆ ಮುಚ್ಚಬಹುದು. 75 ಗ್ರಾಮಿನ ಸೋಪಿಗೆ ಇದು ಸಾಕು. ಭಾರದ ಸರಕಿಗೂ, ಪುಡಿ ಸೋರುವ ಸರಕಿಗೂ, ಯಾರೂ ಬಿಚ್ಚಿಲ್ಲವೆಂದು ಗೊತ್ತಾಗಬೇಕಾದ ಸರಕಿಗೂ ಬಿಸಿ ಅಂಟೇ ಸರಿ. ಆ ಅಂಟು 150 ಡಿಗ್ರಿಗಿಂತ ಹೆಚ್ಚಿನ ಕಾವಿನಲ್ಲಿ ಕರಗಿರುತ್ತದೆ, ಕೈಗೆ ತಗುಲಿದರೆ ಚರ್ಮಕ್ಕೆ ಹಿಡಿದುಕೊಂಡು ಸುಡುತ್ತದೆ ಎಂಬುದನ್ನು ಕೆಲಸಕ್ಕೆ ಹಚ್ಚುವ ಮೊದಲೇ ತಿಳಿಸಬೇಕು.

ವರ್ತಕ ಮಿತ್ರರೇ, ಈಗ ರಟ್ಟಿನ ಮಾತು. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ಈ ಯಂತ್ರಕ್ಕೆ ಪೂರಾ ಅನ್ವಯಿಸುವುದಿಲ್ಲ. ಇಲ್ಲಿ ಎಷ್ಟೋ ಸಲ ನೆಲವೇ ಡೊಂಕಾಗಿರುತ್ತದೆ. ಕೈಯಿಂದ ತುಂಬುವಾಕೆ ಡೊಂಕು ಪೆಟ್ಟಿಗೆಯನ್ನೂ ತಿದ್ದಿ ತುಂಬುತ್ತಾಳೆ. ಯಂತ್ರಕ್ಕೆ ಆ ವಿವೇಕವಿಲ್ಲ. ಮಡಿಕೆಯ ಗೆರೆ ಆಳವಾಗಿರದಿದ್ದರೆ, ರಟ್ಟಿನ ನಾರು ಅಡ್ಡಡ್ಡವಾಗಿದ್ದರೆ, ಪಕ್ಕದ ಅಂಟು ಒಳಗೆ ಚೆಲ್ಲಿದ್ದರೆ ಪೆಟ್ಟಿಗೆ ಬಿಚ್ಚಿಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ಒತ್ತಾಗಿ ಕಟ್ಟಿಟ್ಟ ಪೆಟ್ಟಿಗೆ ಚಪ್ಪಟೆಯಾಗಿಯೇ ಹಟ ಹಿಡಿಯುತ್ತದೆ. ಮಳೆಗಾಲದಲ್ಲಿ, ಅದರಲ್ಲಿಯೂ ಮಲೆನಾಡಿನ ಕಡೆ, ರಟ್ಟು ತೇವ ಕುಡಿದು ಬಾಗುತ್ತದೆ. ಆದಕಾರಣ ಯಂತ್ರಕ್ಕೆ ಆರ್ಡರು ಕೊಡುವ ಮೊದಲೇ ಮುದ್ರಣಾಲಯದವರನ್ನೂ ಕರೆದು ಕೂರಿಸಬೇಕು. ರಟ್ಟಿನ ತೂಕ ಇಷ್ಟು ಜಿ.ಎಸ್.ಎಂ., ನಾರಿನ ದಿಕ್ಕು ಹೀಗೆ, ಅಂಟಿಸುವಾಗಲೇ ಮಡಿಕೆಗಳನ್ನು ಒಮ್ಮೆ ಮುರಿದು ಕೊಡಬೇಕು ಎಂದು ಬರೆಸಿಕೊಳ್ಳಬೇಕು. ಮೊದಲು ಬಂದ ಕಟ್ಟನ್ನು ಮೊದಲು ಖರ್ಚು ಮಾಡಬೇಕು. ಒದ್ದೆ ನೆಲದ ಮೇಲೆ ಇಡಕೂಡದು.

ಇದು ಸಣ್ಣ ಮಾತಲ್ಲ. ದಿನಕ್ಕೆ 20,000 ಪೆಟ್ಟಿಗೆಯಲ್ಲಿ ನೂರಕ್ಕೆ ಮೂರು ಹಾಳಾದರೆ 600, ನೂರಕ್ಕೆ ಒಂದು ಹಾಳಾದರೆ 200. ಅಂತರ ದಿನಕ್ಕೆ 400. ವರ್ಷದ 300 ಕೆಲಸದ ದಿನಕ್ಕೆ 1,20,000 ಪೆಟ್ಟಿಗೆ. ಅಷ್ಟು ಬಣ್ಣದ ರಟ್ಟು ಗುಡಿಸಿ ಹೊರಗೆ ಹಾಕಿದ ಖರ್ಚು ಕೊನೆಗೆ ಸೋಪಿನ ಬೆಲೆಯಲ್ಲಿಯೋ ಕೂಲಿಯಲ್ಲಿಯೋ ಬಂದೇ ಬರುತ್ತದೆ. ಮತ್ತೊಂದು ಮಾತು: ಸೋಪಿಲ್ಲದ ಖಾಲಿ ಪೆಟ್ಟಿಗೆ ಮುಚ್ಚಿಕೊಂಡು ಹೊರಬಂದರೆ ಅದು ಸಿಗುವುದು ನಿಮ್ಮ ಗಿರಾಕಿಗೆ, ಬೈಗುಳ ಬೀಳುವುದು ನಿಮಗೆ. ಸರಕು ಬಾರದಿದ್ದರೆ ಪೆಟ್ಟಿಗೆಯನ್ನೇ ಎಳೆಯದಂತೆ ತಡೆಯುವ ಕಣ್ಣು ಪೂರ್ಣಯಂತ್ರದಲ್ಲಿ ಇರಲೇಬೇಕು. ಅರೆಯಂತ್ರವಾದರೆ ಕೊನೆಯಲ್ಲಿ ಖಾಲಿ ಪೆಟ್ಟಿಗೆಯನ್ನು ತೂಕದಿಂದ ಹಿಡಿದು ಹೊರಹಾಕುವ ಏರ್ಪಾಡು ಬೇಕು. ಬೆಲೆ, ತಾರೀಕು ಅಳಿಸಿಹೋಗದಂತೆ ಬೀಳಬೇಕು. ಈ ಮೂರನ್ನು ವರ್ತಕರ ಸಂಘದವರು ಕಾರ್ಖಾನೆಯವರಿಂದ ಕೇಳುವುದು ನ್ಯಾಯವೇ.

ಕಾರ್ಮಿಕ ಬಂಧುಗಳೇ, ಈಗ ನಿಮ್ಮ ಮಾತು. ಅರೆಯಂತ್ರ ಕೆಲಸ ಉಳಿಸುತ್ತದೆ ಎಂದು ಸಂತೋಷಪಟ್ಟು ಸುಮ್ಮನಾಗಬೇಡಿ. ನಿಮಿಷಕ್ಕೆ 40ರ ಯಂತ್ರದ ಮುಂದೆ ಒಬ್ಬಳೇ ಕುಳಿತರೆ ಒಂದೂವರೆ ಸೆಕೆಂಡಿಗೊಂದು ಸೋಪು ಇಡಬೇಕು. ಅದು ಮನುಷ್ಯರ ಕೆಲಸವಲ್ಲ. ಇಬ್ಬರು ಕುಳಿತರೂ ಒಬ್ಬಾಕೆಯ ಕೈಯಿಂದ ದಿನಕ್ಕೆ 6,700ರಷ್ಟು ಸೋಪು ಹೋಗುತ್ತದೆ; 75 ಗ್ರಾಮಿನಂತೆ ಅರ್ಧ ಟನ್ನು! ಅದೂ ಒಂದೇ ಮಣಿಕಟ್ಟಿನ ಒಂದೇ ತಿರುವಿನಲ್ಲಿ. ಈ ಕೆಲಸದಲ್ಲಿ ಹಾಳಾಗುವುದು ಮಣಿಕಟ್ಟು, ಹೆಗಲು, ಕತ್ತು. ಅದಕ್ಕೆ ಗಂಟೆಗೊಮ್ಮೆ ಜಾಗ ಬದಲಾಗಬೇಕು. ಸೋಪು ಇಟ್ಟವಳು ಗೂಡು ತುಂಬಲಿ, ಗೂಡು ತುಂಬಿದವಳು ತಪಾಸಣೆಗೆ ಹೋಗಲಿ. ಕೂರುವ ಆಸನದ ಎತ್ತರ ಸರಿಯಿರಲಿ, ಯಂತ್ರದ ವೇಗ ಹೆಚ್ಚಿಸುವ ಗುಂಡಿ ಮೇಸ್ತ್ರಿಯ ಮನಸ್ಸಿಗೆ ಬಿಟ್ಟದ್ದಾಗಿರದೆ ಒಪ್ಪಂದದಲ್ಲಿ ಬರೆದ ಮಿತಿಯಲ್ಲಿರಲಿ.

ಸರಪಳಿ, ತಳ್ಳುಗೋಲು, ಮಡಿಸುವ ಕೈ, ಇವು ಬೆರಳನ್ನೂ ಪೆಟ್ಟಿಗೆಯ ಕಿವಿಯಂತೆಯೇ ಮಡಿಸುತ್ತವೆ. ಯಂತ್ರದ ಸುತ್ತ ಪಾರದರ್ಶಕ ಕಾಪು ಇರಬೇಕು, ಆ ಬಾಗಿಲು ತೆರೆದ ಕ್ಷಣವೇ ಯಂತ್ರ ನಿಲ್ಲಬೇಕು. ಕೆಂಪು ಗುಂಡಿ ಕುಳಿತಲ್ಲಿಂದ ಕೈಗೆ ಸಿಗಬೇಕು. ಪೆಟ್ಟಿಗೆ ಸಿಕ್ಕಿಕೊಂಡಾಗ ತಾನಾಗಿ ಜಾರಿ ಬಿಡುವ ಕ್ಲಚ್ಚು ಬೇಕು. ಉತ್ಪಾದನೆ ಹೆಚ್ಚಲೆಂದು ಬಾಗಿಲಿನ ಸ್ವಿಚ್ಚಿಗೆ ತಂತಿ ಸುತ್ತಿ ಮೋಸಗೊಳಿಸುವ ಪದ್ಧತಿಯನ್ನು ನೀವೂ ಮಾಡಬೇಡಿ, ಮೇಸ್ತ್ರಿಗೂ ಬಿಡಬೇಡಿ. ಕೊಯ್ದ ಬೆರಳು ಬಿಡಿಭಾಗದ ಅಂಗಡಿಯಲ್ಲಿ ಸಿಗುವುದಿಲ್ಲ.

ಇನ್ನು ಆ 9 ಮಂದಿಯ ಪ್ರಶ್ನೆ. ಎರಡು ಅರೆಯಂತ್ರಗಳ ಹತ್ತಿರ 6 ಜನ. ಉಳಿದ 3 ಜನ? ಉತ್ಪಾದನೆ 20,250ರಿಂದ 22,500ಕ್ಕೆ ಏರಿದಾಗ ಸಾಗಣೆಯ ದೊಡ್ಡ ಪೆಟ್ಟಿಗೆಗೆ ಜೋಡಿಸಲು ಕೈ ಬೇಕು, ಗಂಟೆಗೊಮ್ಮೆ ಬದಲಿ ಕೊಡಲು ಕೈ ಬೇಕು. ಒಬ್ಬರನ್ನೂ ಹೊರಗೆ ಕಳಿಸದೆ ಈ ಲೆಕ್ಕ ಕೂಡುತ್ತದೆ. ಪೂರ್ಣಯಂತ್ರ ತಂದರೆ 7 ಜನ ಉಳಿಯುತ್ತಾರೆ. ಅಷ್ಟು ಜನಕ್ಕೆ ಕೆಲಸ ಎಲ್ಲಿ ಎಂಬುದನ್ನು ಯಂತ್ರ ಬರುವ ಮೊದಲೇ ಹೇಳಬೇಕಾದದ್ದು ಆಡಳಿತದ ಕರ್ತವ್ಯ.

ಇದು ಹೊಸ ಮಾತಲ್ಲ. 1955ರಲ್ಲಿ ಕಾನ್ಪುರದ ಬಟ್ಟೆ ಗಿರಣಿಯ ಕಾರ್ಮಿಕರು 80 ದಿನ ಮುಷ್ಕರ ಹೂಡಿದ್ದು ಇಂಥ ಪ್ರಶ್ನೆಯ ಮೇಲೆಯೇ. ಅದಾದ ಮೇಲೆ 1957ರಲ್ಲಿ ಸೇರಿದ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲಿಕರು, ಕಾರ್ಮಿಕರು ಮೂವರೂ ಮೂರು ಮಾತಿಗೆ ಒಪ್ಪಿದರು: ಯಂತ್ರ ಸುಧಾರಣೆಯಿಂದ ಇರುವ ಕಾರ್ಮಿಕರು ಕೆಲಸವನ್ನಾಗಲಿ ಗಳಿಕೆಯನ್ನಾಗಲಿ ಕಳೆದುಕೊಳ್ಳಬಾರದು, ಅದರ ಲಾಭ ಸಮಾಜ, ಮಾಲಿಕ, ಕಾರ್ಮಿಕ ಮೂವರಿಗೂ ನ್ಯಾಯವಾಗಿ ಹಂಚಿಕೆಯಾಗಬೇಕು, ಕೆಲಸದ ಹೊರೆಯನ್ನು ಇಬ್ಬರೂ ಒಪ್ಪಿದ ತಜ್ಞನು ಅಳೆಯಬೇಕು. ಕಾನೂನಿನಲ್ಲಿಯೂ ಇದಕ್ಕೆ ಹಿಡಿಕೆಯುಂಟು. ಕೆಲಸ ಕಡಿತಕ್ಕೆ ಎಡೆಮಾಡುವಂಥ ಯಂತ್ರ ಸುಧಾರಣೆಗೆ ಮುನ್ನ ಕಾರ್ಮಿಕರಿಗೆ ನೋಟೀಸು ಕೊಟ್ಟು 21 ದಿನ ಕಾಯಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯಿದೆಯ 9ಎ ಕಲಮು ಹೇಳುತ್ತಿತ್ತು. ಆ ಕಾಯಿದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಅದರ 40ನೆಯ ಕಲಮಿನಲ್ಲಿಯೂ ಆ 21 ದಿನ ಉಳಿದಿದೆ. ನೋಟೀಸು ಗೋಡೆಗೆ ಅಂಟಿದ ಮೇಲೆ ಗದ್ದಲ ಮಾಡುವುದಕ್ಕಿಂತ, ಆ 21 ದಿನದಲ್ಲಿ ಇಂಥ ಲೆಕ್ಕವನ್ನು ಬರೆದುಕೊಂಡು ಮಾತುಕತೆಗೆ ಕೂರುವುದು ಸಂಘದ ಕೆಲಸ. ಯಂತ್ರ ಬೇಡವೆಂದು ಮಾತ್ರ ಹೇಳುವ ಸಂಘಕ್ಕಿಂತ, ಯಾವ ಯಂತ್ರ, ಏಕೆ, ಯಾವ ಷರತ್ತಿನ ಮೇಲೆ ಎಂದು ಹೇಳಬಲ್ಲ ಸಂಘದ ಮಾತಿಗೆ ತೂಕ ಹೆಚ್ಚು.

ಕೊನೆಯದಾಗಿ ಆರ್ಡರಿನ ಕಾಗದ. ಯಂತ್ರವನ್ನು ಮಾರಾಟಗಾರನ ಮನೆಯಲ್ಲಿ ಅವನ ಪೆಟ್ಟಿಗೆಯಿಂದ ಓಡಿಸಿ ತೋರಿಸಿದ್ದನ್ನು ನಂಬಬಾರದು. ನಿಮ್ಮ ಪೆಟ್ಟಿಗೆಯನ್ನೂ ನಿಮ್ಮ ಸೋಪನ್ನೂ ಒಯ್ದು, ಕೆಲವು ಗಂಟೆ ಬಿಡದೆ ಓಡಿಸಿ, ಎಷ್ಟು ತುಂಬಿತು, ಎಷ್ಟು ಹಾಳಾಯಿತು, ಎಷ್ಟು ಸಲ ನಿಂತಿತು ಎಂದು ಎಣಿಸಬೇಕು. ನಡೆಸಲಿರುವ ಹೆಣ್ಣುಮಕ್ಕಳಲ್ಲಿ ಒಬ್ಬಿಬ್ಬರಾದರೂ ಆ ಪರೀಕ್ಷೆಗೆ ಹೋಗಬೇಕು. ಕೈಗೆ ಎಟುಕುತ್ತದೆಯೋ ಇಲ್ಲವೋ ಎಂಬುದು ಅವರಿಗೆ ಗೊತ್ತಾದಂತೆ ಬೇರೆಯವರಿಗೆ ಗೊತ್ತಾಗುವುದಿಲ್ಲ. ಯಂತ್ರ ನಿಮ್ಮಲ್ಲಿ ಕುಳಿತ ಮೇಲೆ ಅದೇ ಪರೀಕ್ಷೆ ಮತ್ತೊಮ್ಮೆ ನಡೆಯಬೇಕು. ಅದು ಗೆಲ್ಲುವವರೆಗೆ ಬೆಲೆಯ ಒಂದು ಪಾಲನ್ನು ತಡೆಹಿಡಿಯಬೇಕು. ಸವೆಯುವ ಭಾಗಗಳ ಪಟ್ಟಿ, ಬೆಲೆ, ನಕ್ಷೆಗಳು, ಯಂತ್ರದ ಮಿದುಳಿನ ಗುಪ್ತಪದ ಇವೆಲ್ಲ ಕೊಂಡವನ ಕೈಗೆ ಬರಬೇಕು. ಇಲ್ಲವಾದರೆ ಯಂತ್ರ ನಿಮ್ಮದು, ಬೀಗದ ಕೈ ಅವನದು. ನಡೆಸುವ ಕೈಪಿಡಿ ಕನ್ನಡದಲ್ಲಿರಬೇಕು. ಅಪಾಯದ ಎಚ್ಚರಿಕೆಯನ್ನು ಓದಲು ಬಾರದ ಭಾಷೆಯಲ್ಲಿ ಬರೆದರೆ ಅದು ಎಚ್ಚರಿಕೆಯೇ ಅಲ್ಲ.

ಬಂಧುಗಳೇ, ನನ್ನ ಲೆಕ್ಕದ ಕಾರ್ಖಾನೆಗೆ ನಾನು ಕೊಡುವ ಉತ್ತರ ಎರಡು ಅರೆಯಂತ್ರ, ಒಳಸೇರಿಸುವ ಮುಚ್ಚಳ, ಗಂಟೆಗೊಮ್ಮೆ ಬದಲಿ, ಒಂಬತ್ತು ಜನರೂ ಕೆಲಸದಲ್ಲಿ. ನಿಮ್ಮ ಕಾರ್ಖಾನೆಯ ಉತ್ತರ ಬೇರೆಯಾಗಬಹುದು. ಆದರೆ ಆ ಉತ್ತರ ಬರುವುದು ನಿಮ್ಮ ಅಚ್ಚಿನ ವೇಗದಿಂದ, ನಿಮ್ಮ ರಟ್ಟಿನಿಂದ, ನಿಮ್ಮ ಅಳತೆಗಳಿಂದ, ನಿಮ್ಮ ಜನರಿಂದ, ಬಣ್ಣದ ಪುಸ್ತಿಕೆಯಿಂದಲ್ಲ. ನಾಳೆಯೇ ಒಂದು ಹಾಳೆ ತೆಗೆದುಕೊಂಡು ನಿಮ್ಮ ಸಾಲಿನಲ್ಲಿ ನಿಮಿಷಕ್ಕೆ ಎಷ್ಟು, ದಿನಕ್ಕೆ ಎಷ್ಟು ನಿಮಿಷ, ನೂರಕ್ಕೆ ಎಷ್ಟು ಹಾಳು ಎಂಬ ಮೂರು ಸಂಖ್ಯೆಗಳನ್ನು ಬರೆಯಿರಿ. ಸಂಘದ ಮುಂದಿನ ಸಭೆಗೆ ಆ ಹಾಳೆಯನ್ನು ತನ್ನಿ; ಕೂಡಿ ಕಳೆದು ನೋಡೋಣ.